ಗೊಂಬೆ ಮೆಟ್ಟಿಲಿಗೆ ಮರ ಹುಡುಕಿದ ಒಂಬತ್ತು ತಿಂಗಳು

"ಎಷ್ಟು ಅಡಿ ಬೇಕು ಮೇಡಂ?"

ಮರ ಕೊಯ್ದು ಮಾರುವ ಸಾಮಿಲ್‌ಗೆ ಮೊದಲ ಸಲ ಕಾಲಿಟ್ಟಾಗ ನನಗೆ ಎದುರಾದ ಪ್ರಶ್ನೆ ಇದು. "ಇಪ್ಪತ್ತು ಅಡಿ" ಅಂದೆ. ಮನೆಯಲ್ಲಿ ಟೇಪು ಹಿಡಿದು ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ನಾಲ್ಕಡಿ ಉದ್ದದ ಐದು ಹಲಗೆ, ಅಲ್ಲಿಗೆ ಇಪ್ಪತ್ತು. ಮಿಲ್‌ನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಪ್ಪತ್ತು ಅಡಿ ಅಂದ್ರೆ ಬಾಗಿಲು, ಕಿಟಕಿ ಎಲ್ಲ ಆಗತ್ತೆ. ಮನೆ ಕಟ್ತಿದ್ದೀರಾ?" ಅಂದರು.

ಮರದ ವ್ಯಾಪಾರದಲ್ಲಿ ಅಡಿ ಅಂದರೆ ಘನ ಅಡಿ. ಸಿಎಫ್‌ಟಿ ಅಂತಲೂ ಅನ್ನುತ್ತಾರೆ. ಅಗಲ ಮತ್ತು ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. ಹತ್ತಿಂಚು ಅಗಲ, ಒಂದಿಂಚು ದಪ್ಪ, ನಾಲ್ಕಡಿ ಉದ್ದದ ಹಲಗೆ ಕಾಲು ಅಡಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ, ಅಷ್ಟೇ. ಐದು ಹಲಗೆ ಸೇರಿದರೂ ಒಂದೂವರೆ ಅಡಿ ಆಗುವುದಿಲ್ಲ. ಈ ಲೆಕ್ಕವನ್ನು ಅವರೇ ಅಲ್ಲಿದ್ದ ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಆವತ್ತು ನಾನು ಏನನ್ನೂ ಕೊಳ್ಳಲಿಲ್ಲ. ಆದರೆ ಆ ಲೆಕ್ಕ ಗೊತ್ತಿಲ್ಲದೆ ಇನ್ನೆಲ್ಲಿಗೇ ಹೋಗಿದ್ದರೂ ಅವರು ಹೇಳಿದ್ದೇ ದರ, ಕೊಟ್ಟಿದ್ದೇ ಮರ ಆಗುತ್ತಿತ್ತು.

ಮರ ಬೇಕಾಗಿದ್ದು ಗೊಂಬೆ ಮೆಟ್ಟಿಲಿಗೆ. ನಮ್ಮದು ಮೈಸೂರಿನ ಸರಸ್ವತಿಪುರಂನ ಹಳೇ ಮನೆ. ನವರಾತ್ರಿಗೆ ಗೊಂಬೆ ಕೂರಿಸುವುದು ಅತ್ತೆಯ ಕಾಲದಿಂದ ನಡೆದು ಬಂದಿದೆ. ಅವರು ಮದುವೆಯಲ್ಲಿ ತವರಿನಿಂದ ತಂದ ಪಟ್ಟದ ಗೊಂಬೆಗಳು, ಅಂದರೆ ರಾಜ ರಾಣಿ, ಇವತ್ತಿಗೂ ಮೇಲಿನ ಮೆಟ್ಟಿಲಲ್ಲಿ ಕೂರುತ್ತವೆ. ಮೆಟ್ಟಿಲು ಅಂದರೆ ಟ್ರಂಕು, ಅಕ್ಕಿ ಡಬ್ಬ, ಟೀಪಾಯಿ, ಪುಸ್ತಕದ ಕಟ್ಟು. ಅವುಗಳ ಮೇಲೆ ಸಿಕ್ಕ ಹಲಗೆ, ಅದರ ಮೇಲೆ ಬಿಳಿ ಪಂಚೆ. ಹೋದ ಸಲಕ್ಕಿಂತ ಹಿಂದಿನ ನವರಾತ್ರಿಯಲ್ಲಿ, ತದಿಗೆಯ ದಿನ, ಮೇಲಿನ ಹಲಗೆ ವಾಲಿ ರಾಜನ ಗೊಂಬೆ ಕೆಳಗೆ ಬಿತ್ತು. ಒಂದು ಕೈ ಮುರಿಯಿತು. ಅತ್ತೆ ಯಾರಿಗೂ ಏನೂ ಅನ್ನಲಿಲ್ಲ. ಮುರಿದ ಕೈಯನ್ನು ಹತ್ತಿಯಲ್ಲಿ ಸುತ್ತಿ ಗೊಂಬೆಯ ಪಕ್ಕದಲ್ಲೇ ಇಟ್ಟರು. ಅವರು ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ.

ಕಬ್ಬಿಣದ ಮಡಚುವ ಮೆಟ್ಟಿಲು ಈಗ ಅಂಗಡಿಯಲ್ಲೇ ಸಿಗುತ್ತದೆ. ಪ್ಲೈವುಡ್‌ನಲ್ಲೂ ಮಾಡಿಸಬಹುದು. ಆದರೆ ಗೊಂಬೆ ಮರದ್ದು, ಮೆಟ್ಟಿಲೂ ಮರದ್ದಾಗಲಿ ಅನ್ನಿಸಿತು. ನಾನೇ ಮಾಡಬೇಕು ಅಂತಲೂ ಅನ್ನಿಸಿತು. ತೇಗದ ದರ ಕೇಳಿದೆ. ಮರಕ್ಕೇ ಹದಿನೈದು ಸಾವಿರ ದಾಟುತ್ತಿತ್ತು. ಕಲಿಯುವ ಕೈಗೆ ಅಷ್ಟು ಬೆಲೆಯ ಮರ ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ.

ಸಂಕ್ರಾಂತಿ ಕಳೆದ ಮೇಲೆ ಮೊದಲು ತಂದಿದ್ದು ಪ್ಯಾಕಿಂಗ್ ಮರ. ಹೆಬ್ಬಾಳ, ಹೂಟಗಳ್ಳಿ ಕಡೆಯ ಕಾರ್ಖಾನೆಗಳಿಗೆ ಯಂತ್ರ, ಬಿಡಿಭಾಗ ಎಲ್ಲ ಪ್ಯಾಲೆಟ್ ಮೇಲೆ, ಅಂದರೆ ಹಲಗೆ ಹೊಡೆದು ಮಾಡಿದ ಮರದ ಅಟ್ಟಣೆಯ ಮೇಲೆ, ಬರುತ್ತವೆ. ಖಾಲಿಯಾದ ಪ್ಯಾಲೆಟ್ ಗುಜರಿಗೆ ಹೋಗುತ್ತದೆ. ಮೂರು ಪ್ಯಾಲೆಟ್‌ಗೆ 450 ರೂಪಾಯಿ ಕೊಟ್ಟೆ. ಹೆಚ್ಚಿನವು ಪೈನ್ ಮರ. ಹಗುರ, ಮೆದು, ಕೊಯ್ಯುವಾಗ ಒಳ್ಳೆ ವಾಸನೆ. ನೀವೂ ತರುವುದಾದರೆ ಅದರ ಮೇಲಿನ ಮುದ್ರೆ ನೋಡಿ. ಹೊರದೇಶದಿಂದ ಬಂದ ಪ್ಯಾಲೆಟ್ ಮೇಲೆ ತೆನೆಯ ಚಿತ್ರ ಇರುವ ಒಂದು ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಅಂತಿದ್ದರೆ ಮರದ ಒಳಗಿನ ತನಕ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ಕೊಟ್ಟು ಹುಳು ಸಾಯಿಸಿದ್ದಾರೆ ಅಂತ ಅರ್ಥ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಅನಿಲ ಹಾಯಿಸಿದ್ದಾರೆ. ಎಂಬಿ ಮುದ್ರೆ ಇರುವುದು, ಎಣ್ಣೆ ಅಥವಾ ಬಣ್ಣದ ಕಲೆ ಇರುವುದು ಎಷ್ಟೇ ಅಗ್ಗವಾದರೂ ಬೇಡ. ಮಕ್ಕಳು ಓಡಾಡುವ ಮನೆ ಅಲ್ವಾ.

ಪ್ಯಾಲೆಟ್ ಬಿಚ್ಚುವುದು ದೊಡ್ಡ ಕೆಲಸ. ಅದರ ಮೊಳೆಗಳು ತಿರುಚಿಕೊಂಡಿರುತ್ತವೆ, ಸುಲಭಕ್ಕೆ ಬರುವುದಿಲ್ಲ. ಮೊದಲ ಪ್ಯಾಲೆಟ್‌ಗೆ ಒಂದು ಭಾನುವಾರದ ಬೆಳಿಗ್ಗೆ ಪೂರ್ತಿ ಹೋಯಿತು. ಎಂಟು ಹಲಗೆಯಲ್ಲಿ ಐದು ತುದಿಯಲ್ಲಿ ಸೀಳಿಹೋದವು. ಎರಡನೆಯದಕ್ಕೆ ಮೊಳೆ ಕೀಳುವ ಗೋಜಿಗೇ ಹೋಗಲಿಲ್ಲ. ಮೊಳೆ ಇರುವ ತುದಿಗಳನ್ನೇ ಗರಗಸದಲ್ಲಿ ಕತ್ತರಿಸಿಬಿಟ್ಟೆ. ಹಲಗೆ ಅರ್ಧ ಅಡಿ ಮೋಟಾಯಿತು, ಆದರೆ ಒಂದೂ ಸೀಳಲಿಲ್ಲ. ಆ ಮರದಲ್ಲಿ ಎರಡು ಮಣೆ ಮಾಡಿದೆ, ಹಿತ್ತಲಿನ ತುಳಸಿ ಕುಂಡಗಳಿಗೆ ಒಂದು ಸ್ಟ್ಯಾಂಡ್ ಮಾಡಿದೆ. ಮೆಟ್ಟಿಲಿಗೆ ಆ ಹಲಗೆ ಸಾಲದು. ಅಗಲ ಕಡಿಮೆ, ದಪ್ಪವೂ ಕಡಿಮೆ. ಆದರೆ ಗರಗಸ ಹಿಡಿಯುವುದನ್ನು, ಗೆರೆ ಬಿಟ್ಟು ಹೋಗದಂತೆ ಕೊಯ್ಯುವುದನ್ನು ನಾನು ಕಲಿತಿದ್ದು ಆ 450 ರೂಪಾಯಿ ಮರದಲ್ಲಿ.

ಕಲಿಸಿದವರು ನಮ್ಮ ಬೀದಿ ಕೊನೆಯ ಆಚಾರ್ರು. ಎಪ್ಪತ್ತು ದಾಟಿದೆ, ಈಗ ಕೆಲಸಕ್ಕೆ ಹೋಗುವುದಿಲ್ಲ. ನಮ್ಮ ದೇವರ ಕೋಣೆಯ ಬಾಗಿಲು ಮಾಡಿದವರು ಅವರೇ. ಹಿತ್ತಲಿಂದ ಗರಗಸದ ಸದ್ದು ಕೇಳಿ ಒಂದು ದಿನ ತಾವಾಗಿಯೇ ಬಂದರು. ಸುಮ್ಮನೆ ನಿಂತು ನೋಡಿದರು. ಆಮೇಲೆ, "ಒತ್ತಬೇಡಮ್ಮ. ಗರಗಸದ ಭಾರ ಗರಗಸಕ್ಕೆ ಸಾಕು. ನೀನು ದಾರಿ ತೋರ್ಸು ಅಷ್ಟೆ" ಅಂದರು. ಮರದ ಮೈ ಹೆರೆದು ನಯ ಮಾಡುವ ತೋಪಡ ಹೊಡೆಯುವಾಗ ಮರ ಅಲ್ಲಲ್ಲಿ ಕಿತ್ತು ಬರುತ್ತಿತ್ತು. ಹಲಗೆಯನ್ನು ತಿರುಗಿಸಿ ಇಟ್ಟು ಹೊಡೆಯಲು ಹೇಳಿದರು. ರಿಬ್ಬನ್ನಿನಂತೆ ಸಿಪ್ಪೆ ಬಂತು. "ಹಸುವಿನ ಮೈ ಸವರೋ ಹಾಗೆ. ಕೂದಲು ಮಲಗಿರೋ ಕಡೆಗೇ ಸವರಬೇಕು. ಮರಕ್ಕೂ ಎಳೆ ಹಾಗೇ ಮಲಗಿರತ್ತೆ."

ಮೆಟ್ಟಿಲ ಕಾಲುಗಳಿಗೆ ಗಟ್ಟಿ ಮರ ಬೇಕು, ಹಳೇ ಮರ ಹುಡುಕು ಅಂದವರೂ ಅವರೇ. ಅಗ್ರಹಾರದ ಕಡೆ ಹಳೇ ಹೆಂಚಿನ ಮನೆಗಳು ಒಂದೊಂದೇ ಹೋಗುತ್ತಿವೆ. ಮನೆ ಕೆಡವಿದಾಗ ತೊಲೆ, ಜಂತೆ, ಬಾಗಿಲು, ಕಿಟಕಿಗಳನ್ನು ಹಳೇ ಮರದ ವ್ಯಾಪಾರಿಗಳು ಒಟ್ಟಿಗೆ ಎತ್ತುತ್ತಾರೆ. ಮರದ ಅರಮನೆಯೇ ಇದ್ದ ಊರು ನಮ್ಮದು. ಅದು 1897ರಲ್ಲಿ ಸುಟ್ಟುಹೋದ ಮೇಲೆ ಈಗಿನ ಅರಮನೆ ಎದ್ದಿತು. ಆ ಹಳೆಯ ಮನೆಗಳ ಜಂತೆ ರಾಶಿಯಾಗಿ ಬಿದ್ದಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಒಂದೊಂದರ ಮೇಲೂ ಅಡುಗೆ ಮನೆಯ ಹೊಗೆ ಕಪ್ಪಗೆ ಕೂತಿರುತ್ತದೆ. ಆದರೆ ಕೆಲಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮರ ಇಲ್ಲ. ಎಷ್ಟೋ ವರ್ಷ ಮಾಡಿನ ಕೆಳಗೆ ಒಣಗಿದೆ. ಬಾಗುವುದಿದ್ದರೆ ಇಷ್ಟರಲ್ಲಿ ಬಾಗಿಯಾಗಿದೆ.

ಉದ್ದದ ಜಂತೆಗೆ ಬೆಲೆ ಜಾಸ್ತಿ. ಮೋಟು ತುಂಡಿಗೆ ಕಡಿಮೆ, ಯಾಕೆಂದರೆ ಅದನ್ನು ಕೇಳುವವರು ಕಡಿಮೆ. ನಾಲ್ಕಿಂಚು ಅಗಲ, ಮೂರಿಂಚು ದಪ್ಪ, ನಾಲ್ಕಡಿ ಉದ್ದದ ಮೂರು ತುಂಡು ಆರಿಸಿದೆ. ಲೆಕ್ಕ ಹಾಕಿದರೆ ಸರಿಯಾಗಿ ಒಂದು ಘನ ಅಡಿ. 1,200 ರೂಪಾಯಿ. ಹೊನ್ನೆ ಅಂದರು. ಮಸಿ ಹಿಡಿದ ಮರ ಹೊನ್ನೆಯೋ ಮತ್ತಿಯೋ ನನಗೆ ಹೇಗೆ ಗೊತ್ತಾಗಬೇಕು? ಆಚಾರ್ರು ಉಳಿಯಿಂದ ಒಂದು ಸಿಪ್ಪೆ ತೆಗೆದು ಲೋಟದ ನೀರಿಗೆ ಹಾಕಿದರು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನೀರು ಕಂದು ತಿರುಗಿತು. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳಪು. ಸಕ್ಕರೆ ಕಾಯಿಲೆಯವರು ನೀರಿಟ್ಟು ಕುಡಿಯುವ ಹೊನ್ನೆ ಲೋಟದಲ್ಲಿ ಇದೇ ಬಣ್ಣ ಬರುತ್ತದಲ್ಲ, ಅದೇ.

ಅದೇ ರಾಶಿಯಲ್ಲಿ ಒಂದು ಬೀಟೆಯ ತುಂಡನ್ನೂ ತೋರಿಸಿದ್ದರು. ನೋಡಲು ಆಸೆಯಾಗುತ್ತದೆ. ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಕೆಲಸ ಮಾಡುವವರು ಬೀಟೆ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಮಾಡುವುದನ್ನು ನಾನು ನೋಡಿದ್ದೇನೆ. ಆದರೆ ಬೀಟೆ, ಗಂಧದಂಥ ಮರಕ್ಕೆ ಕಾನೂನು ಬಿಗಿ ಇದೆ. ಕಾಗದಪತ್ರ ಇಲ್ಲದೆ ಕೊಟ್ಟರೆ ಮುಟ್ಟಬೇಡಿ.

ಹಳೇ ಮರದ ತೊಂದರೆ ಮೊಳೆ. ಸಾಮಿಲ್‌ನ ಪಟ್ಟಿ ಗರಗಸಕ್ಕೆ ಒಂದು ಮೊಳೆ ಸಿಕ್ಕರೆ ಬ್ಲೇಡ್ ಹಾಳು. ಅದಕ್ಕೇ ಎಷ್ಟೋ ಕಡೆ ಹಳೇ ಮರ ಕೊಯ್ದು ಕೊಡುವುದಿಲ್ಲ. ಒಬ್ಬರು ಒಪ್ಪಿದರು, ಮೊಳೆ ಸಿಕ್ಕರೆ ಬ್ಲೇಡಿನ ದುಡ್ಡು ನೀವೇ ಕೊಡಬೇಕು ಅಂದರು. ಕೆಟ್ಟುಹೋದ ಸ್ಪೀಕರಿನ ಆಯಸ್ಕಾಂತ ತೆಗೆದು, ದಾರಕ್ಕೆ ಕಟ್ಟಿ, ಪ್ರತಿ ಮುಖದ ಮೇಲೂ ಅಂಗುಲ ಅಂಗುಲ ಆಡಿಸಿದೆ. ಮೊಳೆ ಇರುವ ಕಡೆ ದಾರ ಜಗ್ಗುತ್ತದೆ. ಮೂರು ತುಂಡಿನಲ್ಲಿ 31 ಮೊಳೆ ತೆಗೆದೆ. ಕೆಲವು ತಲೆ ತುಕ್ಕು ಹಿಡಿದು ಉದುರಿ, ಮೈ ಮಾತ್ರ ಒಳಗೆ ಉಳಿದವು. ಉಳಿಯಲ್ಲಿ ಸುತ್ತ ಕಡೆದೇ ತೆಗೆಯಬೇಕಾಯಿತು. ಮಿಲ್‌ನಲ್ಲಿ ಗರಗಸ ಆಡುವಷ್ಟು ಹೊತ್ತೂ ಕಿವಿ ಅಲ್ಲೇ ಇತ್ತು. ಏನೂ ಆಗಲಿಲ್ಲ. ಒಂದೊಂದು ತುಂಡಿನಿಂದ ಒಂದೂವರೆ ಇಂಚಿಗೆ ಚೂರು ಕಡಿಮೆ ಚೌಕದ ನಾಲ್ಕು ಕೋಲು ಬಂದವು. ಒಟ್ಟು ಹನ್ನೆರಡು. ಕಪ್ಪು ಮೈ ಹೋಗಿ ಒಳಗಿನ ಚೇಗು, ಅಂದರೆ ಮರದ ಗಟ್ಟಿ ತಿರುಳು, ಹೊಂಬಣ್ಣಕ್ಕೆ ಹೊಳೆಯಿತು.

ಇನ್ನು ಹಲಗೆ. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ಸಿಲ್ವರ್ ಓಕ್ ಬೆಳೆಸುತ್ತಾರೆ, ಅದಕ್ಕೇ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಮೂಲದಲ್ಲಿ ಆಸ್ಟ್ರೇಲಿಯಾದ ಮರ. ನಮ್ಮ ಕಡೆ ಅಗ್ಗದ ಹಲಗೆ ಅಂದರೆ ಅದೇ. ಯುಗಾದಿ ಆದ ಮೇಲೆ ಬೇರೊಂದು ಮಿಲ್‌ನಿಂದ ಅಡಿಗೆ 600 ರೂಪಾಯಿಯಂತೆ ತಂದೆ. ಏಳಡಿ ಉದ್ದ, ಹತ್ತಿಂಚು ಅಗಲ, ಒಂದಿಂಚು ದಪ್ಪದ ಏಳು ಹಲಗೆ. "ಸಾರ್ ಬರಲ್ವಾ?" ಅಂತ ಕೇಳಿದರು. ಮರ ನಾನೇ ನೋಡುತ್ತೇನೆ ಅಂದೆ. ಒಣಗಿದೆಯಾ ಅಂದಾಗ, ಪೂರ್ತಿ ಒಣಗಿದೆ ಅಂದರು. ನಂಬಿದೆ. ಮನೆಗೆ ತಂದು ಹಾಲ್‌ನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಮೇಲೆ ಫ್ಯಾನು.

ಎರಡು ವಾರಕ್ಕೆ ನಾಲ್ಕು ಹಲಗೆ ದೋಣಿಯ ಹಾಗೆ ಡೊಂಕಾದವು. ಒಂದರ ತುದಿಯಲ್ಲಿ ಗೇಣುದ್ದ ಬಿರುಕು. 2,040 ರೂಪಾಯಿಯ ಮರ. ಆ ಸಂಜೆ ನನಗೆ ಅಳು ಬಂದಿತ್ತು.

ಆಚಾರ್ರು ಹಲಗೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. "ತಣ್ಣಗಿದೆ ನೋಡಮ್ಮ. ಒಳಗೆ ನೀರಿದೆ. ಹಸಿ ಮರ ಕೊಟ್ಟಿದ್ದಾರೆ" ಅಂದರು. ಆಮೇಲೆ ನನ್ನನ್ನು ದೇವರ ಕೋಣೆಯ ಬಾಗಿಲ ಮುಂದೆ ಕರೆದುಕೊಂಡು ಹೋದರು. ಚೌಕಟ್ಟಿನ ನಡುವಿನ ಹಲಗೆಯ ಅಂಚನ್ನು ಬೆರಳಲ್ಲಿ ತೋರಿಸಿದರು. ಆ ಹಲಗೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಚೌಕಟ್ಟಿನಲ್ಲಿ ಕಡೆದ ತೋಡಿನೊಳಗೆ ಸುಮ್ನೆ ಕೂತಿದೆ. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅದಕ್ಕೆ ಜಾಗ ಬಿಟ್ಟಿದ್ದಾರೆ. ಇಷ್ಟು ವರ್ಷ ದಿನಾ ಆ ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟಿದ್ದೇನೆ, ಅದನ್ನು ನೋಡಿರಲಿಲ್ಲ. ಮರ ಕುಗ್ಗುವುದು ಅಗಲಕ್ಕೆ. ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಹಲಗೆ ಅಗಲ ಇದ್ದಷ್ಟೂ ಡೊಂಕು ಜಾಸ್ತಿ.

ಪರಿಹಾರವೂ ಅದರಲ್ಲೇ ಇತ್ತು. ಡೊಂಕಾದ ಹತ್ತಿಂಚಿನ ಹಲಗೆಯನ್ನು ಉದ್ದಕ್ಕೆ ಎರಡು ಸೀಳು ಮಾಡಿದರೆ ಒಂದೊಂದರ ಡೊಂಕು ತುಂಬಾ ಕಡಿಮೆಯಾಗುತ್ತದೆ, ಉಳಿದದ್ದು ತೋಪಡಕ್ಕೆ ಹೋಗುತ್ತದೆ. ಆದರೆ ಮೊದಲು ಒಣಗಬೇಕು. ಹಿಂದಿನ ಜಗುಲಿಯಲ್ಲಿ ನೆಲಕ್ಕೆ ಇಟ್ಟಿಗೆ ಜೋಡಿಸಿದೆವು. ಒಂದು ಸಾಲು ಹಲಗೆ, ಅದರ ಮೇಲೆ ಒಂದೂವರೆ ಅಡಿಗೊಂದರಂತೆ ಅಡ್ಡ ರೀಪರು (ಸಣ್ಣ ಮರದ ಪಟ್ಟಿ), ಮತ್ತೆ ಹಲಗೆ. ರೀಪರುಗಳು ಒಂದರ ನೇರಕ್ಕೆ ಒಂದು ಬರಬೇಕು, ಇಲ್ಲದಿದ್ದರೆ ಹಲಗೆ ಅಲೆಯಾಗುತ್ತದೆ. ಮೇಲೆ ಕಲ್ಲಿನ ಭಾರ. ಬಿಸಿಲು ಬೀಳಬಾರದು, ಗಾಳಿ ಆಡಬೇಕು. ತುದಿಗಳಿಂದ ನೀರು ಬೇಗ ಆರಿ ಬಿರುಕು ಬಿಡುತ್ತದೆ ಅಂತ ಎಲ್ಲ ತುದಿಗೂ ಉಳಿದಿದ್ದ ಪೇಂಟ್ ಬಳಿದೆ.

ಒಣಗಿತೋ ಇಲ್ಲವೋ ತಿಳಿಯಲು ಒಂದು ಅಡಿ ಉದ್ದದ ತುಂಡನ್ನು ಬೇರೆ ಇಟ್ಟುಕೊಂಡೆ. ಅದರ ತುದಿಗೂ ಪೇಂಟ್ ಹೊಡೆದು, ಪ್ರತಿ ಭಾನುವಾರ ಅಡುಗೆ ಮನೆಯ ತೂಕದ ಮೇಲೆ ಇಟ್ಟು, ಅದರ ಮೈಮೇಲೇ ತಾರೀಖು, ತೂಕ ಬರೆಯುತ್ತಾ ಹೋದೆ. ಮೊದಲ ವಾರ 1,640 ಗ್ರಾಂ. ಬೇಸಿಗೆಯಲ್ಲಿ ಸರಸರ ಇಳಿಯಿತು. ಆಷಾಢದ ಜಡಿಗೆ ಎರಡು ವಾರ ಚೂರು ಏರಿತು ಕೂಡ. ಗೌರಿ ಹಬ್ಬದ ಹೊತ್ತಿಗೆ 1,120ಕ್ಕೆ ನಿಂತಿತು. ಮುಂದಿನ ವಾರವೂ ಅಷ್ಟೇ, ಅದರ ಮುಂದಿನ ವಾರವೂ ಅಷ್ಟೇ. ಆ ಒಂದು ಅಡಿ ತುಂಡಿನಿಂದ ಅರ್ಧ ಲೀಟರ್‌ಗಿಂತ ಜಾಸ್ತಿ ನೀರು ಹೋಗಿತ್ತು. ನಾನು ಅಗ್ಗ ಅಂತ ತಂದ ಮರದಲ್ಲಿ ಅಷ್ಟು ನೀರಿಗೂ ದುಡ್ಡು ಕೊಟ್ಟಿದ್ದೆ.

ಕಾಯುವ ಆ ತಿಂಗಳುಗಳಲ್ಲಿ ಮೆಟ್ಟಿಲಿನ ರೂಪವೇ ಬದಲಾಯಿತು. ಮೊದಲು ಬರೆದುಕೊಂಡಿದ್ದು ಒಂದೇ ದೊಡ್ಡ ಮೆಟ್ಟಿಲು, ಅಗಲ ಹಲಗೆ, ಉದ್ದನೆಯ ಪಕ್ಕದ ಪಟ್ಟಿ. ನನ್ನ ಹತ್ತಿರ ಇದ್ದದ್ದು ಮೋಟು ಹೊನ್ನೆ ಮತ್ತು ಐದಿಂಚಿನ ಸೀಳುಗಳು. ಒಂದು ದಿನ ಅತ್ತೆ ಅಟ್ಟದಿಂದ ಹಳೇ ಅಳತೆ ಪಾತ್ರೆ ಇಳಿಸಿದರು. ಸೇರಿನೊಳಗೆ ಅಚ್ಚೇರು, ಅಚ್ಚೇರಿನೊಳಗೆ ಪಾವು. "ನಿನ್ನ ಮೆಟ್ಟಿಲೂ ಹೀಗೇ ಆಗಲ್ವೇನೆ? ವರ್ಷವಿಡೀ ಎಲ್ಲಿಡ್ತೀಯ ಅದನ್ನ?" ಅಂದರು.

ಹಾಗೇ ಮಾಡಿದೆ. ಐದು ಬೇರೆ ಬೇರೆ ಬೆಂಚು. ಎತ್ತರ 8, 16, 24, 32, 40 ಇಂಚು. ಅಗಲ ಎಲ್ಲಕ್ಕೂ ಒಂದೇ. ಉದ್ದ ಮಾತ್ರ ಮೂರೂವರೆ ಇಂಚಿನಂತೆ ಬೆಳೆಯುತ್ತಾ 40ರಿಂದ 54ಕ್ಕೆ ಹೋಗುತ್ತದೆ. ಹಾಗಾಗಿ ಒಂದು ಇನ್ನೊಂದರ ಕಾಲುಗಳ ನಡುವೆ ತೂರುತ್ತದೆ. ಹೊನ್ನೆಯ ಕೋಲುಗಳು ಇದಕ್ಕೇ ಹುಟ್ಟಿದ ಹಾಗಿದ್ದವು. ನಾಲ್ಕಡಿ ಕೋಲಿನಲ್ಲಿ ಅತಿ ಎತ್ತರದ ಬೆಂಚಿನ ಕಾಲು ಕತ್ತರಿಸಿದರೆ ಉಳಿದ ಒಂಬತ್ತಿಂಚು ಅತಿ ಚಿಕ್ಕದರ ಕಾಲಾಯಿತು. ಎರಡನೆಯದರಲ್ಲಿ ಉಳಿದದ್ದು ನಾಲ್ಕನೆಯದಕ್ಕೆ. ಹನ್ನೆರಡರಲ್ಲಿ ಎರಡು ಕೋಲು ಮಿಕ್ಕವು.

ಸೇರಿಸುವ ಕೆಲಸಕ್ಕೆ ಮೂರು ವಾರ ಹಿಡಿಯಿತು. ಹೊನ್ನೆಗೆ ಮೊದಲು ಡ್ರಿಲ್ಲಿಂಗ್ ಮಾಡದೆ ಸ್ಕ್ರೂ ಹಾಕಿದರೆ ಸ್ಕ್ರೂ ಮುರಿಯುತ್ತದೆ. ಫೆವಿಕಾಲ್ ಹಚ್ಚಿ ಕ್ಲ್ಯಾಂಪ್ ಬಿಗಿದು ಒಂದು ರಾತ್ರಿ ಬಿಡಬೇಕು. ಒಂದೊಂದು ಮೆಟ್ಟಿಲಿಗೂ ಎರಡು ಸೀಳು ಹಲಗೆ, ನಡುವೆ ಕಡ್ಡಿಯಷ್ಟು ಸಂದು, ಹಿಗ್ಗಿ ಕುಗ್ಗಲು. ಎತ್ತರದ ಬೆಂಚು ನಿಲ್ಲಿಸಿದಾಗ ಎಡಕ್ಕೂ ಬಲಕ್ಕೂ ಓಲಾಡಿತು. ಕೆಳಗೆ ಅಡ್ಡಪಟ್ಟಿ ಹಾಕಿದರೆ ಚಿಕ್ಕ ಬೆಂಚು ಒಳಗೆ ಹೋಗುವುದಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಹಿಂದಿನ ಕಾಲುಗಳ ಹೊರಮೈಗೆ ಪಟ್ಟಿ ಕೊಟ್ಟೆ. ಮುಂದಿನಿಂದ ತೂರಿಸುವ ಬೆಂಚಿಗೆ ಅದು ಅಡ್ಡ ಬರುವುದೇ ಇಲ್ಲ. ಓಲಾಟ ನಿಂತಿತು. ಇದನ್ನು ಯಾರೂ ಹೇಳಿಕೊಡಲಿಲ್ಲ, ನನಗೇ ಹೊಳೆಯಿತು. ಅದರ ಖುಷಿ ಇನ್ನೂ ಇದೆ.

ಉಪ್ಪುಕಾಗದ ಉಜ್ಜುವಾಗ ಮೂಗಿಗೆ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಸಿಲ್ವರ್ ಓಕ್ ಧೂಳು ಕೆಲವರಿಗೆ ಮೈ ತುರಿಕೆ ತರುತ್ತದೆ, ನನ್ನ ಮುಂಗೈಗೆ ತಂದಿತು. ಕೊನೆಗೆ ಅಗಸೆ ಎಣ್ಣೆ ಹಚ್ಚಿದೆ. ಎಣ್ಣೆ ಹೀರಿದ ಮೇಲೆ ಕೆಲವು ಹಲಗೆಯಲ್ಲಿ ಬಲೆ ನೇಯ್ದಂಥ ಚುಕ್ಕೆಗಳು ಮೇಲೆದ್ದವು. ಅಗ್ಗದ ಮರದಲ್ಲಿ ಅಷ್ಟು ಚೆಂದ ಇರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ, ಪೂರ್ತಿ ಒಣಗಿಸಿ.

ಖರ್ಚು ಹೇಳಿಬಿಡುತ್ತೇನೆ. ಹಲಗೆ 2,040, ಹೊನ್ನೆ 1,200, ಕೊಯ್ದದ್ದಕ್ಕೆ 500, ಲಗೇಜ್ ಆಟೋ ಎರಡು ಸಲ 700, ಸ್ಕ್ರೂ, ಅಂಟು, ಉಪ್ಪುಕಾಗದ, ಎಣ್ಣೆಗೆ 950. ಒಟ್ಟು 5,390. ಗರಗಸ, ತೋಪಡ, ಎರಡು ಉಳಿ, ಮೂಲೆಮಟ್ಟ, ಕ್ಲ್ಯಾಂಪ್‌ಗಳಿಗೆ 4,200 ಬೇರೆ. ಅವು ಉಳಿಯುತ್ತವೆ. ಡ್ರಿಲ್ ಪಕ್ಕದ ಮನೆಯವರದ್ದು.

ಪಾಡ್ಯದ ದಿನ ಅತ್ತೆ ಪಟ್ಟದ ಗೊಂಬೆಗಳನ್ನು ಮೇಲೆ ಕೂರಿಸಿದರು. ರಾಜನ ಕೈಯನ್ನು ಆಚಾರ್ರು ಬಿದಿರಿನ ಮೊಳೆ ಇಟ್ಟು ಕೂಡಿಸಿ ಕೊಟ್ಟಿದ್ದರು. ಅತ್ತೆ ಮೆಟ್ಟಿಲನ್ನು ಒಮ್ಮೆ ಹಿಡಿದು ಅಲ್ಲಾಡಿಸಿ ನೋಡಿದರು. ಇನ್ನೊಮ್ಮೆ ಜೋರಾಗಿ ಅಲ್ಲಾಡಿಸಿದರು. ಆಮೇಲೆ ಪಂಚೆ ಹಾಸುವುದು ಬೇಡ, ಮರ ಕಾಣಲಿ ಅಂದರು.

ಆಯುಧ ಪೂಜೆಯ ದಿನ ಯಜಮಾನರ ಸ್ಕೂಟರ್ ಪಕ್ಕದಲ್ಲಿ ನನ್ನ ಗರಗಸ, ತೋಪಡ, ಉಳಿಗಳಿಗೂ ಕುಂಕುಮ, ಹೂವು ಬಂತು. ಆಚಾರ್ರು ಗೊಂಬೆ ನೋಡಲು ಬಂದರು. ಬಂದವರು ಗೊಂಬೆ ನೋಡಲಿಲ್ಲ. ನೆಲಕ್ಕೆ ಕೂತು, ಮೆಟ್ಟಿಲ ಕೆಳಗೆ ಬಗ್ಗಿ, ಹಿಂದಿನ ಪಟ್ಟಿಯ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿ, ಚರ್ಪು, ತಗೊಂಡು ಎದ್ದು ಹೊರಡುವಾಗ, "ನಂಜನಗೂಡಿನ ಕಡೆ ನಮ್ಮ ತಂಗಿ ಮನೇಲಿ ಒಂದು ಹಲಸಿನ ಮರ ಬಿದ್ದಿದೆ. ಹಸಿ ಇದೆ. ಬೇಕೇನಮ್ಮ?" ಅಂದರು.

ಅದರ ಹಲಗೆಗಳು ಈಗ ಹಿಂದಿನ ಜಗುಲಿಯಲ್ಲಿವೆ. ಇಟ್ಟಿಗೆ, ರೀಪರು, ಮೇಲೆ ಕಲ್ಲು. ತೂಕದ ತುಂಡಿನ ಮೇಲೆ ತಾರೀಖು ಬರೆದಿದ್ದೇನೆ. ಈ ಭಾನುವಾರಕ್ಕೆ ನಲವತ್ತು ಗ್ರಾಂ ಇಳಿದಿದೆ.